ಕೈಗಾದ ಸ್ನಬ್ಬರ್ ಭಾವ

ಪುಣೆಯಿಂದ ಕಾರವಾರಕ್ಕೆ ಹೊರಟವರು ಸಾಮಾನ್ಯವಾಗಿ ಹಿಡಿಯುವುದು ಗೋವಾ ದಾರಿ. ಸಮುದ್ರ ಸಿಗುತ್ತದೆ, ಮಕ್ಕಳಿಗೆ ಖುಷಿ, ಊಟಕ್ಕೂ ತೊಂದರೆಯಿಲ್ಲ. ಆದರೆ ಉತ್ತರ ಕನ್ನಡದ ಹೊಟ್ಟೆಯೊಳಗಿಂದ ಇಳಿದು ಹೋಗುವ ಇನ್ನೊಂದು ದಾರಿಯಿದೆ. ಹುಬ್ಬಳ್ಳಿ, ಕಲಘಟಗಿ ದಾಟಿ ಯಲ್ಲಾಪುರಕ್ಕೆ ಬಂದು, ಅಲ್ಲಿಂದ ಮುಂದೆ ಅಂಕೋಲೆಯ ಹೆದ್ದಾರಿ ಬಿಟ್ಟು ಬಾರೆ ಕಡೆಯ ಘಟ್ಟಕ್ಕೆ ತಿರುಗಿದರೆ ಆ ರಸ್ತೆ ಕಾಳಿ ನದಿಯ ಕಣಿವೆಗೆ ಇಳಿಯುತ್ತದೆ. ಕೈಗಾ, ಕದ್ರಾ, ಮಲ್ಲಾಪುರ, ಆಮೇಲೆ ಕಾರವಾರ. ಕಾಗದದ ಮೇಲೆ ಇದು ಕಾರವಾರ–ಇಳಕಲ್ ರಾಜ್ಯ ಹೆದ್ದಾರಿ. ಸಮುದ್ರದ ದಂಡೆಯಿಂದ ಸೀರೆಯ ಊರಿನವರೆಗೆ ಒಂದೇ ರಸ್ತೆ ಎಂದರೆ ಪುಣೆಯ ನನ್ನ ಗೆಳೆಯರು ನಂಬುವುದಿಲ್ಲ.

ನಾವು ಹೋದದ್ದು ಡಿಸೆಂಬರ್ ಕೊನೆಯ ವಾರ. ಬಿಸಿಲು ಹದವಾಗಿತ್ತು, ಅಡಿಕೆ ತೋಟಗಳಲ್ಲಿ ಕೊನೆಕೊಯ್ಲು ನಡೆದಿತ್ತು, ಅಂಗಳಗಳಲ್ಲಿ ಅಡಿಕೆ ಹರಡಿತ್ತು. ಯಲ್ಲಾಪುರದ ಸುತ್ತ ನೋಡುವ ಜಾಗಗಳಿಗೇನು ಕೊರತೆಯಿಲ್ಲ. ಮಾಗೋಡು ಜಲಪಾತವಿದೆ, ಕೊಡಸಳ್ಳಿ ಹಿನ್ನೀರಿಗೆ ಧುಮುಕುವ ಸಾತೊಡ್ಡಿಯಿದೆ. ಅವುಗಳ ಬಗ್ಗೆ ಈಗಾಗಲೇ ಬಹಳ ಜನ ಬರೆದಿದ್ದಾರೆ. ನಾನು ಹೇಳಹೊರಟದ್ದು ಘಟ್ಟ ಇಳಿದ ಮೇಲಿನ ಕಥೆ.

ಕೈಗಾ ಅಣು ವಿದ್ಯುತ್ ಸ್ಥಾವರ ಕಾಳಿಯ ಎಡದಂಡೆಯಲ್ಲಿದೆ. ಒಂದೊಂದೂ 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಟಿವಿಯಲ್ಲಿ ಅಣು ಸ್ಥಾವರ ಎಂದಾಗ ತೋರಿಸುವ ದೊಡ್ಡ ಹೊಟ್ಟೆಯ ಗೋಪುರಗಳು ಈ ನಾಲ್ಕು ಘಟಕಗಳಿಗಿಲ್ಲ. ಇವನ್ನು ತಣಿಸುವುದು ಕದ್ರಾ ಜಲಾಶಯದ ನೀರು. ಕಾಡು, ನೀರು, ನಡುವೆ ಬೂದುಬಣ್ಣದ ಗುಮ್ಮಟಗಳು. ನಮ್ಮ ಪೀಳಿಗೆಗೆ ಈ ಹೆಸರು ಮೊದಲು ಕಿವಿಗೆ ಬಿದ್ದದ್ದು ಜಗಳದ ರೂಪದಲ್ಲಿ. ಶಿವರಾಮ ಕಾರಂತರು ಇದನ್ನು ವಿರೋಧಿಸಿ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು, ಗೆಲ್ಲಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರು ಬಿಟ್ಟು ಕಳಚಿ ಬಿದ್ದಿತ್ತು. ವಿನ್ಯಾಸ ಬದಲಾಯಿತು, ಮತ್ತೆ ಕಟ್ಟಿದರು, 2000ದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಅದೇ ಮೊದಲ ಘಟಕ 2018ರ ಕೊನೆಯಲ್ಲಿ, ಒಂದು ದಿನವೂ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಕಾರಂತರ ಪ್ರಶ್ನೆಗಳೂ ನಿಜ, ಈ 962 ದಿನಗಳೂ ನಿಜ. ಒಂದರಿಂದ ಇನ್ನೊಂದನ್ನು ಅಳಿಸಲಾಗುವುದಿಲ್ಲ.

ಮಲ್ಲಾಪುರದಲ್ಲಿ ಸ್ಥಾವರದ ಕಾಯಂ ನೌಕರರ ಕಾಲೊನಿಯಿದೆ. ಅದರಾಚೆ ಒಂದು ಹೆಂಚಿನ ಮನೆಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅವಳ ಮನೆಯವರ ಗದ್ದೆ, ತೋಟ ಎಲ್ಲ ಒಂದು ಅಣೆಕಟ್ಟಿನ ಹಿನ್ನೀರಿಗೆ ಹೋಗಿ ದಶಕಗಳೇ ಆದವು. ಅವಳ ಮಗ, ನನಗೆ ಭಾವ, ಐಟಿಐ ಫಿಟ್ಟರ್. ಕಾಯಂ ಅಲ್ಲ, ಗುತ್ತಿಗೆಯವನು. ಅವನ ಕೆಲಸ ಸ್ನಬ್ಬರ್ ನೋಡುವುದು.

"ಸ್ನಬ್ಬರ್ ಅಂದ್ರೆ ಎಂತದು ಭಾವ?" ಎಂದು ಇಪ್ಪತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದವಳು ನನ್ನ ಒಂಬತ್ತು ವರ್ಷದ ಮಗಳು. ಅವನು ಅವಳನ್ನು ನಮ್ಮ ಕಾರಿನಲ್ಲೇ ಕೂರಿಸಿ ಸೀಟ್ ಬೆಲ್ಟ್ ಕೈಗೆ ಕೊಟ್ಟ. "ಮೆಲ್ಲಗೆ ಎಳಿ" ಅಂದ. ಬಂತು. "ಈಗ ಒಮ್ಮೆಲೇ ಎಳಿ." ಬರಲಿಲ್ಲ. "ಅಷ್ಟೇ, ಇದೇ ಸ್ನಬ್ಬರ್. ಇಲ್ಲಿ ನಿನ್ನ ಹಿಡೀತದೆ, ಅಲ್ಲಿ ಪೈಪು ಹಿಡೀತದೆ."

ನನಗೆ ಇನ್ನಷ್ಟು ಬೇಕಿತ್ತು. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕೂತು ಅವನು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ.

ಸ್ಥಾವರ ನಿಂತಿದ್ದಾಗ ಪೈಪುಗಳು ತಣ್ಣಗಿರುತ್ತವೆ. ನಡೆಯುವಾಗ ಕೈಗಾದಂಥ ಭಾರಜಲ ಸ್ಥಾವರದಲ್ಲಿ ರಿಯಾಕ್ಟರಿನಿಂದ ಹೊರಬರುವ ದ್ರವ ಸುಮಾರು 290 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಲೆಕ್ಕ ಹಾಕಿ ನೋಡಿರುವುದಿಲ್ಲ. ಹತ್ತು ಮೀಟರ್ ಉದ್ದದ ಉಕ್ಕಿನ ಪೈಪು 260 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 31 ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ಒಂದು ಇಂಚಿಗೂ ಮಿಕ್ಕಿ. ಅದನ್ನು ಗೋಡೆಗೆ ಬಿಗಿದು ಕಟ್ಟಿಹಾಕಿದರೆ ಪೈಪೋ, ಬೆಸುಗೆಯೋ, ಗೋಡೆಯ ಆಧಾರವೋ ಒಂದು ಬಿಟ್ಟುಕೊಡಲೇಬೇಕು. ಹಾಗೆಂದು ಸುಮ್ಮನೆ ತೂಗುಬಿಟ್ಟರೆ ಭೂಕಂಪವಾದಾಗ ಹೊಡೆದಾಡುತ್ತದೆ. ಭೂಕಂಪವೇ ಆಗಬೇಕೆಂದಿಲ್ಲ. ಒಂದು ವಾಲ್ವ್ ತಟ್ಟನೆ ಮುಚ್ಚಿಕೊಂಡರೂ ಒಳಗಿನ ನೀರು ಸುತ್ತಿಗೆಯಂತೆ ಬಡಿಯುತ್ತದೆ. ಹಳೆಯ ಮನೆಗಳಲ್ಲಿ ನಲ್ಲಿ ಒಮ್ಮೆಲೇ ತಿರುಗಿಸಿದಾಗ ಗೋಡೆಯೊಳಗೆ ಕೇಳುವ ದಡ್ ಸದ್ದನ್ನು ನೂರಾರು ಪಟ್ಟು ದೊಡ್ಡದು ಮಾಡಿಕೊಳ್ಳಿ.

ಹಾಗಾಗಿ ನಿಧಾನಕ್ಕೆ ಸರಿದರೆ ಬಿಡುವ, ಗಕ್ಕನೆ ಸರಿದರೆ ಹಿಡಿಯುವ ಸಾಧನ ಬೇಕು. ಹೈಡ್ರಾಲಿಕ್ ಸ್ನಬ್ಬರಿನಲ್ಲಿ ಒಂದು ಸಿಲಿಂಡರ್, ಒಳಗೆ ಪಿಸ್ಟನ್, ಎರಡೂ ಬದಿಗೆ ಎಣ್ಣೆ. ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಟ್ಟಡಕ್ಕೆ. ಪೈಪು ತಾಸುಗಟ್ಟಲೆ ತೆಗೆದುಕೊಂಡು ಹಿಗ್ಗುವಾಗ ಎಣ್ಣೆ ಸಣ್ಣ ವಾಲ್ವಿನ ಮೂಲಕ ಈಚೆಯಿಂದ ಆಚೆಗೆ ಹೋಗುತ್ತದೆ. ಜರ್ಕು ಹೊಡೆದರೆ ಎಣ್ಣೆಯ ರಭಸಕ್ಕೆ ಅದೇ ವಾಲ್ವ್ ಸ್ಪ್ರಿಂಗನ್ನು ಒತ್ತಿಕೊಂಡು ಮುಚ್ಚುತ್ತದೆ. ಎಣ್ಣೆ ಸಿಕ್ಕಿಬಿದ್ದು, ಇಡೀ ಸಾಧನ ಉಕ್ಕಿನ ಸಲಾಕೆಯಂತಾಗುತ್ತದೆ. ಸೆಕೆಂಡಿಗೆ ಕೆಲವೇ ಮಿಲಿಮೀಟರ್ ವೇಗ ಸಾಕು, ಹಿಡಿದುಬಿಡುತ್ತದೆ. ಹಿಡಿದ ಮೇಲೂ ಕೂದಲೆಳೆಯಷ್ಟು ದಾರಿಯಿಂದ ಎಣ್ಣೆ ಜಿನುಗುತ್ತಿರುತ್ತದೆ, ಒತ್ತಡ ಇಳಿದ ಮೇಲೆ ಪೈಪು ಮತ್ತೆ ತನ್ನ ಪಾಡಿಗೆ ಸರಿಯಲೆಂದು. ತೋಳುದ್ದದ ಸಣ್ಣವೂ ಇವೆ, ದೊಡ್ಡ ಯಂತ್ರಗಳನ್ನು ಹಿಡಿಯಲು ನೂರಾರು ಟನ್ ತಡೆಯುವ ಭಾರಿಯವೂ ಇವೆ.

"ಇದು ಕೆಡೋದು ಎರಡು ರೀತಿಯಲ್ಲಿ" ಎಂದ ಭಾವ. "ಹಿಡಿಬೇಕಾದಾಗ ಹಿಡಿಯೋದಿಲ್ಲ, ಅದು ಎಲ್ಲರಿಗೂ ಅರ್ಥ ಆಗ್ತದೆ. ಬಿಡಬೇಕಾದಾಗ ಬಿಡೋದಿಲ್ಲ, ಅದು ಯಾರಿಗೂ ಹೊಳೆಯೋದಿಲ್ಲ. ಎರಡನೇದು ದಿನಾ ಪೈಪು ತಿಂತದೆ ಮಾರಾಯಾ."

ಈ ಎರಡನೆಯ ಮಾತಿಗೆ ದೊಡ್ಡ ಇತಿಹಾಸವಿದೆ ಎಂದು ಪುಣೆಗೆ ಮರಳಿ ಓದಿದಾಗ ತಿಳಿಯಿತು. 1973ರಲ್ಲಿ ಅಮೆರಿಕದ ಸ್ಥಾವರಗಳಲ್ಲಿ ಹೈಡ್ರಾಲಿಕ್ ಸ್ನಬ್ಬರುಗಳು ಎಣ್ಣೆ ಸೋರಿ ಬರಿದಾಗಿರುವುದು ಕಂಡುಬಂತು. ಕಾರಣ ರಬ್ಬರಿನಂಥ ಸೀಲುಗಳು. ಆಗ ಬಳಸುತ್ತಿದ್ದ ಪಾಲಿಯುರೆಥೇನ್ ಆ ಜಾಗದ ವಾತಾವರಣಕ್ಕೆ ತಾಳಲಿಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆ ಎಲ್ಲರಿಗೂ ತಪಾಸಣೆಯ ಸೂಚನೆ ಕಳಿಸಿತು, ಸೀಲುಗಳು ಎಥಿಲೀನ್ ಪ್ರೊಪಿಲೀನಿಗೆ ಬದಲಾದವು. ಎಣ್ಣೆಯೂ ಶಾಖ, ವಿಕಿರಣ ಎರಡನ್ನೂ ತಾಳುವ ಸಿಲಿಕೋನ್ ಜಾತಿಯದು. ಆ ಕಾಲದ ಎಂಜಿನಿಯರುಗಳು ಸುರಕ್ಷೆಯ ಹೆಸರಿನಲ್ಲಿ ಒಂದೊಂದು ಘಟಕಕ್ಕೆ ನೂರಾರು, ಕೆಲವೆಡೆ ಸಾವಿರಕ್ಕೂ ಹೆಚ್ಚು ಸ್ನಬ್ಬರ್ ಜೋಡಿಸಿದ್ದರು. 1980ರ ದಶಕದಲ್ಲಿ ಮರುಲೆಕ್ಕ ಮಾಡಿ ಅವರೇ ಅನೇಕವನ್ನು ಕಿತ್ತುಹಾಕಿದರು. ಸಿಕ್ಕಿಕೊಂಡ ಸ್ನಬ್ಬರ್ ಪೈಪಿಗೆ ಮಾಡುವ ಹಾನಿ ಒಂದು ಕಾರಣ. ಅಷ್ಟನ್ನೂ ನೋಡಿಕೊಳ್ಳಲು ಮನುಷ್ಯರು ವಿಕಿರಣದ ಜಾಗಕ್ಕೆ ಹೋಗಬೇಕಾಗುತ್ತಿತ್ತು ಎಂಬುದು ಇನ್ನೊಂದು. ಕಾವಲುಗಾರರು ಹೆಚ್ಚಾದಷ್ಟೂ ಅವರನ್ನು ಕಾಯುವ ಕೆಲಸವೂ ಹೆಚ್ಚುತ್ತದೆ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ರಾತ್ರಿಯಿಡೀ ಅಲರ್ಟ್ ಬಡಿದುಕೊಳ್ಳುವ ಮಾನಿಟರಿಂಗ್ ಜೊತೆ ಬದುಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ತಪಾಸಣೆ ಎಂದರೆ ಮೊದಲು ಕಣ್ಣು. ಸ್ನಬ್ಬರಿನ ತಟ್ಟೆಯ ಮೇಲಿನ ನಂಬರು ನಕ್ಷೆಯ ನಂಬರಿಗೆ ಸರಿಯಿದೆಯೇ? ಎಣ್ಣೆಯ ಮಟ್ಟ ಎಷ್ಟು? ಕೆಳಗೆ ನೆಲದಲ್ಲಿ ಕಲೆಯಿದೆಯೇ? ಎಣ್ಣೆಯ ಡಬ್ಬಿ ಮೇಲ್ಮುಖವಾಗಿಯೇ ಇದೆಯೇ, ಯಾರಾದರೂ ಮರುಜೋಡಿಸುವಾಗ ಮಗುಚಿಲ್ಲವಷ್ಟೆ? ಪಿನ್ನು, ಅದರ ಲಾಕು, ಬೋಲ್ಟು, ಕ್ಲಾಂಪು ಎಲ್ಲ ಜಾಗದಲ್ಲಿವೆಯೇ? ಪಿಸ್ಟನ್ ರಾಡಿನ ಮೇಲೆ ಪೇಂಟ್ ಹೊಡೆದವನು ಕುಂಚ ಆಡಿಸಿದ್ದಾನೆಯೇ? "ಅತಿ ದೊಡ್ಡ ಶತ್ರು ಯಾರು ಹೇಳು? ಮೆಟ್ಟಿಲು ಸಿಗದೆ ಇದರ ಮೇಲೇ ಕಾಲಿಟ್ಟು ಹತ್ತುವವನು" ಎಂದು ಭಾವ ನಕ್ಕ.

ಕೊನೆಗೆ ಅಳತೆಪಟ್ಟಿ. ಪಿಸ್ಟನ್ ಎಷ್ಟು ಹೊರಬಂದಿದೆ ಎಂದು ತೋರಿಸುವ ಗುರುತು ಅದು. ಪೈಪು ತಣ್ಣಗಿದ್ದಾಗ ಇಲ್ಲಿ, ಬಿಸಿಯಾದಾಗ ಅಲ್ಲಿ ಇರಬೇಕು ಎಂದು ಪ್ರತಿಯೊಂದಕ್ಕೂ ಎರಡು ಅಂಕೆ ಬರೆದಿಟ್ಟಿರುತ್ತಾರೆ.

ಆಮೇಲೆ ಕೆಲವನ್ನು ಬಿಚ್ಚಿ ವರ್ಕ್‌ಶಾಪಿಗೆ ಒಯ್ಯುತ್ತಾರೆ. ಪರೀಕ್ಷಾ ಬೆಂಚಿಗೆ ಹಾಕಿ, ನಿಧಾನಕ್ಕೆ ಎಳೆದಾಗ ಎಷ್ಟು ಬಲ ಬೇಕು, ಯಾವ ವೇಗಕ್ಕೆ ಹಿಡಿಯುತ್ತದೆ, ಹಿಡಿದ ಮೇಲೆ ಎಷ್ಟು ಜಿನುಗುತ್ತದೆ ಎಂದು ಎಳೆತಕ್ಕೂ ಒತ್ತಕ್ಕೂ ಬೇರೆಬೇರೆ ಅಳೆಯುತ್ತಾರೆ. ಸೀಲು ಹೋಗಿದ್ದರೆ ಪೂರ್ತಿ ಬಿಚ್ಚಿ, ಒರೆಸಿ, ಹೊಸದು ಕೂರಿಸಿ, ಎಣ್ಣೆ ತುಂಬಿ, ಒಳಗಿನ ಗಾಳಿ ತೆಗೆಯಬೇಕು. ಕಾರಿನ ಬ್ರೇಕಿನ ಗಾಳಿ ತೆಗೆದಂತೆಯೇ. ಒಂದು ಗುಳ್ಳೆ ಉಳಿದರೂ ಸ್ನಬ್ಬರ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಎಲ್ಲವನ್ನೂ ಪ್ರತಿಸಲ ಬಿಚ್ಚಲಾಗುವುದಿಲ್ಲವಲ್ಲ, ಅಮೆರಿಕದ ರೂಢಿಯ ಒಂದು ಪದ್ಧತಿಯಲ್ಲಿ ನೂರಕ್ಕೆ ಹತ್ತನ್ನು ಆರಿಸಿ ನೋಡುತ್ತಾರೆ. ಅದರಲ್ಲಿ ಒಂದು ಫೇಲಾದರೆ ಇನ್ನಷ್ಟನ್ನು ಬಿಚ್ಚಬೇಕು. ಮತ್ತೆ ಫೇಲಾದರೆ ಮತ್ತಷ್ಟು.

ಇದೆಲ್ಲ ಕೇಳಲು ಗ್ಯಾರೇಜಿನ ಕೆಲಸದಂತಿದೆ. ಆದರೆ ಗ್ಯಾರೇಜ್ ಇರುವ ಜಾಗ ಬೇರೆ. ಭಾರಜಲ ಸ್ಥಾವರದಲ್ಲಿ ರಿಯಾಕ್ಟರ್ ಕಟ್ಟಡದ ಒಳಕೋಣೆಗಳಿಗೆ ಮನುಷ್ಯರು ಹೋಗುವುದು ಘಟಕ ನಿಲ್ಲಿಸಿದಾಗ ಮಾತ್ರ. ಎರಡು ವರ್ಷಕ್ಕೊಮ್ಮೆ ಬರುವ ದೊಡ್ಡ ಶಟ್‌ಡೌನ್ ಎಂದರೆ ಭಾವನಂಥವರಿಗೆ ಸುಗ್ಗಿ. ಕೈಗಾ ಮುಗಿದರೆ ತಾರಾಪುರ, ಅಲ್ಲಿಂದ ರಾವತ್‌ಭಾಟಾ, ಕಲ್ಪಾಕ್ಕಂ. ಒಳಗೆ ಹೋಗುವಾಗ ಎದೆಗೆ ಟಿಎಲ್‌ಡಿ ಬ್ಯಾಡ್ಜ್. ಭಾರಜಲದಲ್ಲಿ ಹುಟ್ಟುವ ಟ್ರಿಟಿಯಂ ಉಸಿರಿನಿಂದಲೂ ಚರ್ಮದಿಂದಲೂ ಮೈಗೆ ಸೇರುತ್ತದೆ. ಅದಕ್ಕೆ ಕೆಲವು ಜಾಗಗಳಲ್ಲಿ ಗಾಳಿಯ ಕೊಳವೆ ಜೋಡಿಸಿದ ಪ್ಲಾಸ್ಟಿಕ್ ಸೂಟು, ಹೊರಬಂದ ಮೇಲೆ ಮೂತ್ರ ಪರೀಕ್ಷೆ. ನಮ್ಮ ದೇಶದ ನಿಯಮದಲ್ಲಿ ವಿಕಿರಣದ ಕೆಲಸಗಾರನಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಹೋಲಿಕೆಗೆ ಹೇಳುವುದಾದರೆ ಮಣ್ಣು, ಆಕಾಶ, ಆಹಾರಗಳಿಂದ ನಮಗೆಲ್ಲ ಸಹಜವಾಗಿ ಬರುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4. ಕೆಲಸಕ್ಕೆ ಹೊರಡುವ ಮೊದಲೇ ಎಷ್ಟು ನಿಮಿಷ, ಎಷ್ಟು ಡೋಸ್ ಎಂದು ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಒಳಗೆ "ಇನ್ನೊಮ್ಮೆ ನೋಡಿಬಿಡೋಣ" ಎಂಬ ಮಾತಿಗೆ ಬೆಲೆಯಿದೆ. ಆ ಬೆಲೆ ಕೊಡುವುದು ಯಾರದ್ದೋ ಮೈ.

ಭಾವ ಒಂದು ಪ್ರಸಂಗ ಹೇಳಿದ. ಯಾವ ಊರಿನ ಸ್ಥಾವರ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಘಟಕ ನಿಂತು ವಾರವಾಗಿತ್ತು, ಪೈಪು ಪೂರ್ತಿ ತಣಿದಿತ್ತು. ಮೇಲೆ ಮೂಲೆಯಲ್ಲಿದ್ದ ಒಂದು ಸ್ನಬ್ಬರಿನ ಗುರುತು ಮಾತ್ರ ಇನ್ನೂ ಬಿಸಿ ಅಂಕೆಯ ಹತ್ತಿರವೇ ನಿಂತಿತ್ತು. ಎಣ್ಣೆ ಸರಿ, ಸೋರಿಕೆ ಇಲ್ಲ, ಪಿನ್ನು ಸರಿ. ಗುರುತು ಮಾತ್ರ ತಪ್ಪು. ಹೊರಗೆ ಬಂದು ಹೇಳಿದಾಗ ಮೇಸ್ತ್ರಿ ಅಂದನಂತೆ, "ಹೋದ ಸಲದ ಶೀಟಿನಲ್ಲಿ ಓಕೆ ಇದೆ, ನೀನೂ ಓಕೆ ಹಾಕು. ನಮ್ಮ ತಂಡದ ಡೋಸ್ ಮುಗೀತಾ ಬಂತು." ಭಾವ ಸಹಿ ಹಾಕಲಿಲ್ಲ. ಕಂಡ ಅಂಕೆಯನ್ನೇ ಬರೆದು ಕೊಟ್ಟ. ಮರುದಿನ ಬೇರೆ ಪಾಳಿಯವರು ಟಾರ್ಚು, ಕನ್ನಡಿ ಹಿಡಿದು ಹತ್ತಿದರು. ಸ್ನಬ್ಬರಿಗೆ ಏನೂ ಆಗಿರಲಿಲ್ಲ. ಅದನ್ನು ಪೈಪಿಗೆ ಹಿಡಿಸಿದ ಕ್ಲಾಂಪ್ ಸಡಿಲಾಗಿ ಪೈಪಿನುದ್ದಕ್ಕೂ ಜಾರಿತ್ತು. ಅಂದರೆ ಆ ಸ್ನಬ್ಬರ್ ಏನನ್ನೂ ಹಿಡಿದುಕೊಂಡಿರಲೇ ಇಲ್ಲ. ಸರಿಮಾಡಿದರು. ಭಾವನಿಗೆ ಶಾಲು ಹೊದಿಸಲಿಲ್ಲ, ಬೈಯಲೂ ಇಲ್ಲ. ಆ ವರ್ಷ ಆ ಮೇಸ್ತ್ರಿಯಿಂದ ಮುಂದಿನ ಕೆಲಸದ ಕರೆ ಮೂರು ತಿಂಗಳು ತಡವಾಗಿ ಬಂತು.

"ಅಷ್ಟು ವರ್ಷದಲ್ಲಿ ಭೂಕಂಪ ಆಗಲಿಲ್ಲವಲ್ಲ ಭಾವ?" ಎಂದೆ.

"ಆಗಲಿಲ್ಲ. ಆಗೋದಿಲ್ಲ ಅಂತ ಬರೆದು ಕೊಡ್ತೀಯಾ?"

ಪುಣೆಯವನಾದ ನಾನು ಹಾಗೆ ಬರೆದುಕೊಡಲಾರೆ. ನಮ್ಮ ಪಕ್ಕದ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರ ಬೆಳಗಿನ ಜಾವ ನೆಲ ನಡುಗಿ ಸುಮಾರು 180 ಜನ ಸತ್ತರು. ಅದೂ ಇದೇ ಸಹ್ಯಾದ್ರಿ. ಅದಕ್ಕೂ ಮೊದಲು ಈ ಭಾಗವನ್ನು ಗಟ್ಟಿ ನೆಲ ಎಂದೇ ತಿಳಿದಿದ್ದರು. 2007ರ ಜುಲೈನಲ್ಲಿ ಜಪಾನಿನ ಕಾಶಿವಜಾಕಿ–ಕರಿವಾ ಸ್ಥಾವರವನ್ನು ವಿನ್ಯಾಸದ ಲೆಕ್ಕ ಮೀರಿದ ಭೂಕಂಪ ಅಲುಗಿಸಿತು. ನಡೆಯುತ್ತಿದ್ದ ಘಟಕಗಳು ತಾವಾಗಿಯೇ ಸುರಕ್ಷಿತವಾಗಿ ನಿಂತವು. ಹಾಗೆ ನಿಲ್ಲುವುದರ ಹಿಂದೆ ಎಷ್ಟೋ ವರ್ಷ ಏನೂ ಘಟಿಸದ ದಿನಗಳಲ್ಲಿ ಯಾರೋ ಹತ್ತಿ, ಬಗ್ಗಿ, ಕಂಡದ್ದನ್ನೇ ಬರೆದ ಶೀಟುಗಳಿರುತ್ತವೆ.

ಮರುದಿನ ಬೆಳಿಗ್ಗೆ ಕದ್ರಾ ಅಣೆಕಟ್ಟಿನ ಕಡೆ ಹೋದೆವು. ಚಳಿಗೆ ನೀರಿನ ಮೇಲೆ ಮಂಜು ಹಬೆಯಾಡುತ್ತಿತ್ತು. ಹಾರ್ನ್‌ಬಿಲ್ ಒಂದು ರೆಕ್ಕೆಯ ಸದ್ದು ಮಾಡುತ್ತ ಕಣಿವೆ ದಾಟಿತು. ನಾವು ಮಂಗಟ್ಟೆ ಎನ್ನುವ ಹಕ್ಕಿ ಅದು. ಮಗಳಿಗೆ ದಾಂಡೇಲಿಯಲ್ಲಿ ದುಡ್ಡು ಕೊಟ್ಟು ಹುಡುಕಿದರೂ ಕಾಣದ್ದು ಇಲ್ಲಿ ಪುಕ್ಕಟೆ ಕಂಡಿತು. ಅತ್ತೆ ಹಿನ್ನೀರಿನ ಕಡೆ ಕೈ ತೋರಿಸುವುದಿಲ್ಲ. ಮುಳುಗಿದ ಮನೆಯ ಬಗ್ಗೆ ಕೇಳಿದರೆ ಅಡುಗೆಯ ಮಾತು ತೆಗೆಯುತ್ತಾಳೆ. ಅಂದು ಮಧ್ಯಾಹ್ನ ದೊಡ್ಡಪತ್ರೆ ತಂಬುಳಿ ಬಡಿಸುತ್ತ ಮಾತ್ರ ಅವಳಾಗಿಯೇ ಅಂದಳು: "ನೋಡು ತಮಾ, ನೀರು ಬಂದಾಗ ಜಮೀನು ಹೋತು. ಕರೆಂಟು ಬಂದಾಗ ಮಗ ಒಳಗೆ ಹೋದ. ಮೊಮ್ಮಗನ್ನಾದರೂ ನಿನ್ನ ಪುಣೆಗೆ ಕರಕೊಂಡು ಹೋಗು."

ಮೊಮ್ಮಗ ಕಾರವಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಅವನ ಮನಸ್ಸಿನಲ್ಲಿರುವುದು ಬೇರೆ. ಬೆಸುಗೆಯನ್ನು ಒಡೆಯದೆ ಪರೀಕ್ಷಿಸುವ ಎನ್‌ಡಿಟಿ ಕೋರ್ಸು ಮಾಡಿ ಅಪ್ಪನ ದಾರಿಯಲ್ಲೇ, ಆದರೆ ಒಂದು ಮೆಟ್ಟಿಲು ಮೇಲೆ ಹೋಗಬೇಕು ಎಂದು. ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ, ಕೆಲಸ ಸಿಗುತ್ತದೆ ಎಂಬುದು ಅವನ ಲೆಕ್ಕ. ಅತ್ತೆ ನನ್ನ ಮುಖ ನೋಡುತ್ತಿದ್ದಳು. ಭಾವ ಅನ್ನ ಕಲಸುತ್ತಿದ್ದ.

ಪುಣೆಯಲ್ಲಿ ಎಲ್ಲ ಸುಲಭ ಎಂದು ನಾನು ಹೇಳಲಿಲ್ಲ. ಹಿಂಜವಡಿಯಲ್ಲಿ ಹೊಸಬರಿಗೆ ಈಗ ಎಷ್ಟು ಕಷ್ಟವಿದೆ, ಬಾಡಿಗೆ ಎಷ್ಟು, ನಲವತ್ತು ದಾಟಿದವರಿಗೆ ಯಾವ ಹೆದರಿಕೆಯಿದೆ ಎಂದು ಇದ್ದದ್ದನ್ನೇ ಹೇಳಿದೆ. ಕೋರ್ಸು ಪುಣೆಯಲ್ಲಿ ಮಾಡುವುದಾದರೆ ನಮ್ಮ ಮನೆಯಲ್ಲಿರು ಅಂದೆ. ಅತ್ತೆಗೆ ಇದು ಸಮಾಧಾನ ಕೊಡಲಿಲ್ಲ. "ಅವನು ಓದಿ ಮತ್ತೆ ಅಲ್ಲಿಗೇ ಹೋಗ್ತಾನೆ" ಎಂದಳು. ಆಗ ಭಾವ ಮೊದಲ ಬಾರಿ ಬಾಯಿಬಿಟ್ಟ: "ಹೋಗಲಿ ಆಯಿ. ಆದರೆ ಕಾಯಂ ಆಗಿ ಹೋಗಲಿ. ನನ್ನ ಹಾಗೆ ಒಬ್ಬ ಮೇಸ್ತ್ರಿಯ ಫೋನಿಗೆ ಕಾಯೋದು ಬೇಡ. ಸಹಿ ಹಾಕೋದಿಲ್ಲ ಅನ್ನಲಿಕ್ಕೆ ಕಾಲ ಕೆಳಗೆ ನೆಲ ಬೇಕು." ಹುಡುಗ ಜೂನ್ ಒಳಗೆ ತೀರ್ಮಾನ ಮಾಡಬೇಕು.

ಈ ದಾರಿಯಲ್ಲಿ ಹೋಗಬೇಕೆನ್ನುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ಘಟ್ಟ ಕುಸಿಯುವುದುಂಟು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆ ಊರನ್ನೇ ಗುಡ್ಡ ಜಾರಿ ಹಾಳುಮಾಡಿತ್ತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಯಲ್ಲಾಪುರದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಸ್ಥಾವರದೊಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ, ಹತ್ತಿರ ನಿಂತು ಫೋಟೊ ತೆಗೆಯಲು ಹೋಗಬೇಡಿ. ಕಾರವಾರ ತಲುಪಿದ ಮೇಲೆ ಸದಾಶಿವಗಡದ ಗುಡ್ಡ ಹತ್ತಿ, ಅದೇ ಕಾಳಿ ಸಮುದ್ರ ಸೇರುವುದನ್ನು ಸಂಜೆ ಬೆಳಕಿನಲ್ಲಿ ನೋಡಿ. ಮಲ್ಲಾಪುರದ ಚಹಾ ಅಂಗಡಿಯಲ್ಲಿ ಒಮ್ಮೆ ಇಳಿಯಿರಿ. ಬೆಳಗಿನ ಪಾಳಿಗೆ ಹೊರಟವರು, ರಾತ್ರಿ ಪಾಳಿ ಮುಗಿಸಿದವರು ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಕನ್ನಡ, ಕೊಂಕಣಿ, ಹಿಂದಿ ಮೂರೂ ಕೇಳಿಸುತ್ತವೆ. ನಾವು ಹೊರಟ ದಿನ ಭಾವನಿಗೆ ರಾವತ್‌ಭಾಟಾದಿಂದ ಕರೆ ಬಂದಿತ್ತು. ನಲವತ್ತು ದಿನದ ಕೆಲಸ. ಅವನು ಅಲ್ಲೇ ಬೆಂಚಿನ ಮೇಲೆ ಕೂತು ನನ್ನ ಫೋನಿನಲ್ಲಿ ಕೋಟಾದ ರೈಲಿಗೆ ಟಿಕೆಟ್ ಬುಕ್ ಮಾಡಿಸಿಕೊಂಡ.